ಟಿಟ್ಟಿಭದ ಗುರುತು

ನಮ್ಮ ಹಳೆಯ ಕೋಶಗಳನ್ನು ತಿರುವಿಹಾಕುವ ಅಭ್ಯಾಸವುಳ್ಳವರಿಗೆ ಒಂದು ಅರ್ಥ ಮೇಲಿಂದ ಮೇಲೆ ಎದುರಾಗುತ್ತದೆ: ‘ಒಂದು ಜಾತಿಯ ಪಕ್ಷಿ.’ ಕೋಶಕಾರ ಸುಳ್ಳು ಹೇಳಿದನೆನ್ನುವಂತಿಲ್ಲ. ಹಾಗೆಂದು ಏನನ್ನಾದರೂ ಹೇಳಿದನೆನ್ನುವಂತೆಯೂ ಇಲ್ಲ. ಪುಟದಲ್ಲಿ ಹೆಸರು ಉಳಿದಿದೆ, ಹಕ್ಕಿ ಹಾರಿಹೋಗಿದೆ. ಇತ್ತ ಕೆರೆಯಂಗಳಕ್ಕೆ ಹೋದರೆ ಅಲ್ಲಿ ಹಕ್ಕಿ ಓಡಾಡುತ್ತಿರುತ್ತದೆ, ಕೋಶದ ಹೆಸರಿನ ಗೊಡವೆ ಅದಕ್ಕಿಲ್ಲ. ದುರ್ಬೀನು ಹಿಡಿದು ಬಂದ ಪೇಟೆಯ ಯುವಕನನ್ನು ಕೇಳಿದರೆ ಅದರ ಇಂಗ್ಲಿಷ್ ಹೆಸರನ್ನು ಥಟ್ಟನೆ ಹೇಳುತ್ತಾನೆ. ಕೋಶ ಓದುವವರು, ಕುರಿ ಕಾಯುವವರು, ದುರ್ಬೀನು ಹಿಡಿದವರು, ಈ ಮೂವರೂ ಬಲ್ಲದ್ದು ಒಂದೇ ಹಕ್ಕಿಯನ್ನು ಎಂಬುದು ಮಾತ್ರ ಅನೇಕ ವೇಳೆ ಮೂವರಿಗೂ ಗೊತ್ತಿರುವುದಿಲ್ಲ.

ಟಿಟ್ಟಿಭ ಅಂಥದೊಂದು ಹಕ್ಕಿ. ಅದು ಅಪರೂಪದ್ದಲ್ಲ. ನೀರಂಚಿನಲ್ಲಿ ನಡೆದಾಡುವ ಹಕ್ಕಿಗಳ ದೊಡ್ಡ ಬಳಗದಲ್ಲಿ ನಮ್ಮ ನಾಡಿನ ಜನಕ್ಕೆ ಇಷ್ಟು ಸುಲಭವಾಗಿ ಕಾಣಸಿಗುವುದು ಬೇರೊಂದು ಇರಲಾರದು. ಆದರೂ ಅದರ ಗುರುತು ಹಿಡಿಯುವ ಕೆಲಸ ಸಾವಿರಾರು ವರ್ಷಗಳ ಉದ್ದಕ್ಕೂ ಹಲವು ದೇಶಗಳಲ್ಲಿ ಹಲವು ಬಗೆಯಾಗಿ ನಡೆದಿದೆ. ನಡುನಡುವೆ ತಪ್ಪಿಯೂ ಇದೆ. ಆ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಕಣ್ಣಿಗೆ ಮೊದಲು ಕಿವಿ

ಕಥೆಗೆ ಮುನ್ನ ನಾಯಕನ ಪರಿಚಯವಾಗಬೇಕು. ಕೆರೆಯ ಅಂಗಳ, ಉತ್ತ ಹೊಲ, ಕುಯ್ಲಾದ ಗದ್ದೆ, ಊರಾಚೆಯ ಗೋಮಾಳ, ಹೀಗೆ ನೀರಿಗೆ ಹತ್ತಿರವಾದ ಯಾವ ಬಯಲಲ್ಲಾದರೂ ಟಿಟ್ಟಿಭವನ್ನು ಹುಡುಕಬಹುದು. ಗಾತ್ರದಲ್ಲಿ ಕೌಜುಗದಷ್ಟು, ಆದರೆ ಕಾಲು ಉದ್ದ, ನಿಲುವು ನೆಟ್ಟಗೆ. ತಲೆ, ಗಂಟಲು, ಎದೆ ಇವೆಲ್ಲ ಕಪ್ಪು. ಕಣ್ಣಿನ ಹಿಂದಿನಿಂದ ಹೊರಟ ಬಿಳಿಯ ಪಟ್ಟೆಯೊಂದು ಕತ್ತಿನ ಪಕ್ಕದಲ್ಲಿ ಇಳಿದು ಹೊಟ್ಟೆಯ ಬಿಳುಪನ್ನು ಸೇರುತ್ತದೆ. ಬೆನ್ನು ಕಂಚಿನ ಹೊಳಪಿರುವ ಕಂದು. ಕಾಲು ಹಳದಿ. ಕೊಕ್ಕು ಕೆಂಪು, ಅದರ ತುದಿ ಮಾತ್ರ ಮಸಿಯಲ್ಲಿ ಅದ್ದಿದಂತೆ ಕಪ್ಪು. ಎಲ್ಲಕ್ಕಿಂತ ಮುಖ್ಯವಾದುದು ಎರಡು ಕಣ್ಣುಗಳ ಮುಂದೆಯೂ ಇರುವ ಕೆಂಪು ಮಾಂಸದ ಪುಟ್ಟ ಮಡಿಕೆ. ಕುಂಕುಮವನ್ನು ಹಣೆಗೆ ಇಡುವ ಬದಲು ಕಣ್ಣಿನ ಮೂಲೆಗೆ ಇಟ್ಟುಕೊಂಡ ಹಾಗೆ.

ಇಷ್ಟು ಬಣ್ಣಗಳಿರುವ ಹಕ್ಕಿ ದೂರದಿಂದಲೇ ಕಾಣಬೇಕಲ್ಲವೆ ಎಂದು ವಾಚಕರು ಕೇಳಬಹುದು. ಕಾಣುವುದಿಲ್ಲ. ಉತ್ತ ಹೊಲದಲ್ಲಿ ಅದು ಬೆನ್ನು ತಿರುಗಿಸಿ ನಿಂತರೆ ಹೆಂಟೆಗಳ ನಡುವೆ ಇನ್ನೊಂದು ಹೆಂಟೆ. ಪುಸ್ತಕ ಓದಿ ಗುರುತುಗಳನ್ನು ಬಾಯಿಪಾಠ ಮಾಡಿಕೊಂಡು ಹೊರಟವರು ಹಕ್ಕಿಯ ಎದುರಿಗೇ ನಿಂತು ಹಕ್ಕಿಯಿಲ್ಲವೆಂದು ಹಿಂದಿರುಗುವುದನ್ನು ನಾನು ಕಂಡಿದ್ದೇನೆ. ಅಂಥವರಿಗೆ ನಾನು ಹೇಳುವುದಿಷ್ಟೆ: ಕಣ್ಣನ್ನು ಸ್ವಲ್ಪ ಹೊತ್ತು ಬಿಡಿ, ಕಿವಿ ಕೊಡಿ. ನೀವು ಅದನ್ನು ನೋಡುವ ಮೊದಲೇ ಅದು ನಿಮ್ಮನ್ನು ನೋಡಿರುತ್ತದೆ. ನೋಡಿದ್ದನ್ನು ಊರಿಗೆಲ್ಲ ಸಾರದೆ ಅದಕ್ಕೆ ಸಮಾಧಾನವಿಲ್ಲ. ಟಿ-ಟಿಟ್ಟಿ-ಟಿಟ್ ಎಂದು ಮೊದಲು ತಡೆತಡೆದು ಆರಂಭವಾದ ಕೂಗು ನೀವು ಸಮೀಪಿಸಿದಂತೆಲ್ಲ ಗದರಿಕೆಯಾಗುತ್ತದೆ. ಕೂಗು ಬಂದ ಕಡೆಗೆ ಕಣ್ಣಿಟ್ಟು ಕಾದರೆ ಹೆಂಟೆಯೊಂದು ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುವುದು ಕಾಣುತ್ತದೆ. ಆಗ ಅದು ಕಾಲು ಮಡಿಸದೆ ಇಡೀ ಮೈಯನ್ನೇ ಮುಂದಕ್ಕೆ ಬಾಗಿಸಿ ನೆಲದಿಂದ ಏನನ್ನೋ ಹೆಕ್ಕುತ್ತದೆ. ಮತ್ತೆ ನೆಟ್ಟಗೆ ನಿಂತು ನಿಮ್ಮನ್ನು ದಿಟ್ಟಿಸುತ್ತದೆ. ಇನ್ನೂ ಹತ್ತಿರ ಹೋದರೆ ನಿಧಾನವಾಗಿ ರೆಕ್ಕೆ ಬಡಿಯುತ್ತ ಮೇಲೇಳುತ್ತದೆ. ಮಡಿಸಿದ್ದಾಗ ಕಾಣದಿದ್ದ ಬಿಳಿಯ ಅಗಲ ಪಟ್ಟೆ ರೆಕ್ಕೆ ಬಿಚ್ಚಿದೊಡನೆ ಬೆಳಗುತ್ತದೆ. ಅಷ್ಟಾದ ಮೇಲೆ ಅನುಮಾನಕ್ಕೆ ಎಡೆಯಿಲ್ಲ.

ಅನುಮಾನ ಬರುವುದಾದರೆ ಅದರ ದಾಯಾದಿಯ ವಿಷಯದಲ್ಲಿ. ಒಣ ಬಯಲಿನಲ್ಲಿ, ನೀರಿನಿಂದ ದೂರದ ಕಲ್ಲುಭೂಮಿಯಲ್ಲಿ, ಇದಕ್ಕಿಂತ ಸ್ವಲ್ಪ ಚಿಕ್ಕದಾದ ಇನ್ನೊಂದು ಟಿಟ್ಟಿಭವಿದೆ. ಅದರ ಮೈ ಮರಳಿನ ಬಣ್ಣ. ತಲೆಯ ಮೇಲೆ ಕಪ್ಪು ಟೋಪಿ, ಟೋಪಿಗೆ ಬಿಳಿಯ ಅಂಚು. ಕಣ್ಣಿನ ಮುಂದಿನ ಮಾಂಸ ಹಳದಿ. ಕೆಂಪಿನದು ಜಗಳಗಂಟಿ, ಹಳದಿಯದು ಮಿತಭಾಷಿ. ಇವೆರಡನ್ನು ಬೇರ್ಪಡಿಸಲು ಕಲಿತವನು ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಬೂದುಗಂದು ಬಣ್ಣದ ಗೊರವಗಳ ಗೊಂದಲಕ್ಕೆ ಕೈಹಾಕಬಹುದು. ಅದಕ್ಕೆ ಮೊದಲಲ್ಲ.

ಕೂಗೇ ಹೆಸರು

ಈ ಹಕ್ಕಿಯ ಗುರುತನ್ನು ಮೊದಲು ಹಿಡಿದದ್ದು ಕಿವಿ ಎಂಬುದಕ್ಕೆ ಭಾಷೆಗಳೇ ಸಾಕ್ಷಿ. ಸಂಸ್ಕೃತದಲ್ಲಿ ಟಿಟ್ಟಿಭ; ಹಿಂದಿಯಲ್ಲಿ ಟಿಟಿಹರಿ; ಮರಾಠಿಯಲ್ಲಿ ಟಿಟವಿ; ಗುಜರಾತಿಯಲ್ಲಿ ಟಿಟೋಡಿ; ಮಲಯಾಳದಲ್ಲಿ ತಿತ್ತಿರಿ. ಇವರೆಲ್ಲ ಒಬ್ಬರನ್ನೊಬ್ಬರು ಕೇಳಿ ಹೆಸರಿಟ್ಟರೆಂದು ಭಾವಿಸಬೇಕಾಗಿಲ್ಲ. ಎಲ್ಲರೂ ಹಕ್ಕಿಯನ್ನೇ ಕೇಳಿ ಇಟ್ಟಿರಬೇಕು. ಇಲ್ಲಿಗೆ ಬಂದ ಇಂಗ್ಲಿಷರ ಕಿವಿಗೆ ಅದೇ ಕೂಗು ‘ಡಿಡ್ ಹಿ ಡೂ ಇಟ್’ ಎಂಬ ಪ್ರಶ್ನೆಯಾಗಿ ಕೇಳಿಸಿತು. ಅವನೇ ಮಾಡಿದನೇ, ಅವನೇ ಮಾಡಿದನೇ ಎಂದು ಬಯಲಿನ ತುಂಬ ವಿಚಾರಣೆ. ತಮಿಳರು ಕೂಗನ್ನು ಅನುಕರಿಸದೆ ಅದರ ಉದ್ದೇಶವನ್ನು ಹಿಡಿದರು. ಅವರ ಹೆಸರು ಆಳ್‌ಕಾಟ್ಟಿ, ಎಂದರೆ ಆಳನ್ನು ತೋರಿಸಿಕೊಡುವುದು. ಹೊಂಚು ಕುಳಿತ ಬೇಟೆಗಾರರು ಇದನ್ನು ಶಪಿಸುತ್ತಿದ್ದುದು ಏಕೆಂದು ಈ ಒಂದೇ ಹೆಸರು ಹೇಳುತ್ತದೆ. ನಮ್ಮಲ್ಲಿ ಇದನ್ನು ತೇನೆಹಕ್ಕಿ ಎನ್ನುವುದೂ ಉಂಟು.

ಆದರೆ ಕಿವಿಯನ್ನೇ ಪೂರ್ತಿ ನಂಬಿದರೂ ಅಪಾಯವಿದೆ. ಮಲಯಾಳದ ತಿತ್ತಿರಿ ನೀರಂಚಿನ ಟಿಟ್ಟಿಭ. ಸಂಸ್ಕೃತದ ತಿತ್ತಿರಿಯಾದರೋ ಪೊದೆಗಳಲ್ಲಿ ಇರುವ ಕೌಜುಗದ ಜಾತಿಯದು, ತೈತ್ತಿರೀಯವೆಂಬ ಹೆಸರಿಗೆ ಕಾರಣವಾದದ್ದು. ಎರಡು ಬೇರೆ ಬೇರೆ ಹಕ್ಕಿಗಳ ಕೂಗು ಒಂದೇ ಅಕ್ಷರಗಳಲ್ಲಿ ಬಂದು ಕೂತಿತು. ಅಮರಕೋಶ ಇವೆರಡನ್ನೂ ಬೇರೆ ಬೇರೆಯಾಗಿ ಹೆಸರಿಸಿದೆ. ಆದರೆ ಹೆಸರಿನಾಚೆಗೆ ಒಂದು ಮಾತನ್ನೂ ಹೇಳಿಲ್ಲ. ಕೋಶ ಬರೆದವನ ಕಾಲದಲ್ಲಿ ಅದು ಬೇಕಾಗಿರಲಿಲ್ಲವೆಂದು ತೋರುತ್ತದೆ. ಎಲ್ಲರೂ ದಿನವೂ ನೋಡುವುದನ್ನು ವರ್ಣಿಸುವ ಶ್ರಮವನ್ನು ಯಾರು ತೆಗೆದುಕೊಳ್ಳುತ್ತಾರೆ? ಮನುಸ್ಮೃತಿ ತಿನ್ನಬಾರದ ಹಕ್ಕಿಗಳ ಪಟ್ಟಿಯಲ್ಲಿ ಟಿಟ್ಟಿಭವನ್ನು ಹೆಸರು ಹಿಡಿದು ಸೇರಿಸಿದೆ. ಅಲ್ಲಿಯೂ ವಿವರಣೆಯಿಲ್ಲ. ನಿಷೇಧಿಸುವವನೂ ನಿಷೇಧಕ್ಕೆ ಒಳಗಾದವನೂ ಹಕ್ಕಿಯನ್ನು ಬಲ್ಲವರೇ ಆಗಿದ್ದರು.

ಸಮುದ್ರವನ್ನು ಗೆದ್ದ ಹಕ್ಕಿ

ವಿವರ ಸಿಗುವುದು ಕಥೆಯಲ್ಲಿ. ಪಂಚತಂತ್ರದ ಮೊದಲನೆಯ ತಂತ್ರದಲ್ಲಿ ಕಡಲ ದಡದಲ್ಲಿ ಬಾಳುವ ಟಿಟ್ಟಿಭ ದಂಪತಿಗಳ ಕಥೆ ಬರುತ್ತದೆ. ಹೆಣ್ಣು ಮೊಟ್ಟೆಯಿಡಲು ಸುರಕ್ಷಿತವಾದ ಜಾಗ ಬೇಕೆಂದಿತು. ಸಮುದ್ರಕ್ಕೆ ನಮ್ಮನ್ನು ಮುಟ್ಟುವ ಧೈರ್ಯವೆಲ್ಲಿದೆ, ಇಲ್ಲಿಯೇ ಇಡು ಎಂದಿತು ಗಂಡು. ಸಮುದ್ರ ಈ ಜಂಬವನ್ನು ಕೇಳಿಸಿಕೊಂಡು, ನೋಡಿಯೇ ಬಿಡೋಣವೆಂದು ಮೊಟ್ಟೆಗಳನ್ನು ಸೆಳೆದುಕೊಂಡಿತು. ಗಂಡು ಹಕ್ಕಿ ಎದೆಗೆಡದೆ ಪಕ್ಷಿಕುಲವನ್ನೆಲ್ಲ ಕೂಡಿಸಿತು; ಹಕ್ಕಿಗಳು ಗರುಡನ ಬಳಿಗೆ ಹೋದವು; ಗರುಡ ವಿಷ್ಣುವಿನ ಬಳಿಗೆ ಹೋದ. ವಿಷ್ಣು ಅಗ್ನಿಬಾಣವನ್ನು ತೊಡಲು ಸಮುದ್ರ ನಡುಗಿ ಮೊಟ್ಟೆಗಳನ್ನು ಹಿಂದಕ್ಕೆ ಕೊಟ್ಟಿತು. ಎದುರಾಳಿಯ ಬಲವನ್ನರಿಯದೆ ಹಗೆ ಕಟ್ಟಿಕೊಳ್ಳಬಾರದೆಂಬುದು ನೀತಿ.

ಈ ಕಥೆಯ ಹೊಟ್ಟೆಯೊಳಗೆ ಇನ್ನೊಂದು ಕಥೆಯಿದೆ. ಅದನ್ನು ತಿಳಿಯದ ಮಕ್ಕಳಿಲ್ಲ. ಎರಡು ಹಂಸಗಳು ಹಿಡಿದ ಕೋಲನ್ನು ಬಾಯಲ್ಲಿ ಕಚ್ಚಿ ಆಕಾಶದಲ್ಲಿ ಹೋಗುತ್ತಿದ್ದ ಆಮೆ ಸುಮ್ಮನಿರಲಾರದೆ ಬಾಯಿಬಿಟ್ಟು ಬಿದ್ದು ಸತ್ತ ಕಥೆ. ಅದನ್ನು ಹೇಳುವವಳು ಹೆಣ್ಣು ಟಿಟ್ಟಿಭ, ಕೇಳುವವನು ಅವಳ ಗಂಡ. ಬಯಲಿನ ಹಕ್ಕಿಗಳಲ್ಲೆಲ್ಲ ಬಾಯಿ ಮುಚ್ಚದ ಹಕ್ಕಿಯ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂಬ ಉಪದೇಶ! ಕಥೆಗಾರನಿಗೆ ಹಕ್ಕಿಯ ಪರಿಚಯ ಚೆನ್ನಾಗಿಯೇ ಇದ್ದಿತೆನ್ನಲು ನನಗೆ ಇದೊಂದೇ ಸಾಕು.

ಬೇರೆ ಆಧಾರವೂ ಇದೆ. ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬರಿಯ ನೆಲದಲ್ಲಿ ಸಣ್ಣದೊಂದು ತಗ್ಗು ಮಾಡಿ, ಸುತ್ತ ನಾಲ್ಕು ಬೆಣಚುಕಲ್ಲುಗಳನ್ನೋ ಆಡಿನ ಹಿಕ್ಕೆಗಳನ್ನೋ ಇಟ್ಟರೆ ಗೂಡಾಯಿತು. ಬೇಸಗೆಯಿಂದ ಮಳೆಗಾಲದವರೆಗಿನ ತಿಂಗಳುಗಳಲ್ಲಿ ಅಲ್ಲಿ ಮೂರೋ ನಾಲ್ಕೋ ಮೊಟ್ಟೆಗಳಿರುತ್ತವೆ. ಬುಗುರಿಯಂತೆ ಒಂದು ಕಡೆ ಮೊನಚಾದ, ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆಗಳನ್ನು ಚೆಲ್ಲಿದಂಥ ಈ ಮೊಟ್ಟೆಗಳು ಕಾಲಿನ ಕೆಳಗೆ ಸಿಕ್ಕುವವರೆಗೂ ಕಣ್ಣಿಗೆ ಬೀಳುವುದಿಲ್ಲ. ನೀರು ಏರಿದರೆ ಕೊಚ್ಚಿಹೋಗುವ ಜಾಗ. ದನ ನಡೆದರೆ ಒಡೆಯುವ ಜಾಗ. ತಂದೆತಾಯಿಗಳಿಗೆ ಇರುವ ಆಯುಧಗಳು ಎರಡೇ: ಕೂಗು ಮತ್ತು ಧೈರ್ಯ. ನಾಯಿಯಾಗಲಿ ಮನುಷ್ಯನಾಗಲಿ ಗೂಡಿನ ಸಮೀಪಕ್ಕೆ ಬಂದರೆ ತಲೆಯ ಮೇಲೆಯೇ ಎರಗಿ ಬರುತ್ತವೆ. ನೀರಂಚಿನಲ್ಲಿ ಮೊಟ್ಟೆಯಿಡುವುದು, ತನಗಿಂತ ನೂರು ಪಾಲು ದೊಡ್ಡವನನ್ನು ಹೆದರಿಸುವುದು, ನೆರೆಯವರನ್ನೆಲ್ಲ ಕೂಗಿ ಎಬ್ಬಿಸುವುದು, ಇವೆಲ್ಲ ಕಲ್ಪನೆಯಲ್ಲ. ಯಾರೋ ದಡದಲ್ಲಿ ನಿಂತು ಕಣ್ಣಾರೆ ಕಂಡದ್ದು. ಕಥೆಯಲ್ಲಿ ಕಲ್ಪನೆಯೆಂದರೆ ಮೊಟ್ಟೆ ಹಿಂದಿರುಗಿ ಬಂದದ್ದು ಮಾತ್ರ.

ಈ ಕಥೆ ಹಕ್ಕಿಗಿಂತ ದೂರ ಹಾರಿತು. ೬ನೆಯ ಶತಮಾನದಲ್ಲಿ ಇರಾನಿನ ದೊರೆ ಖುಸ್ರೋ ಅನುಶಿರ್ವಾನನ ವೈದ್ಯ ಬುರ್ಜೋಯ್ ಪಂಚತಂತ್ರವನ್ನು ಪಹ್ಲವಿ ಭಾಷೆಗೆ ಕೊಂಡೊಯ್ದನೆಂದು ಪ್ರಸಿದ್ಧಿ. ೮ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಅದನ್ನು ‘ಕಲೀಲ ವ ದಿಮ್ನ’ ಎಂಬ ಹೆಸರಿನಲ್ಲಿ ಅರಬ್ಬಿಗೆ ತಂದನು. ಅಲ್ಲಿಯೂ ಕಡಲೊಡನೆ ಹೋರಾಡುವ ಈ ಹಕ್ಕಿಯಿದೆ. ಅದರ ಹೆಸರು ತೀತವಾ. ಎರಡು ಭಾಷೆ ದಾಟಿದರೂ ಕೂಗು ಅಳಿಯಲಿಲ್ಲ. ಇರಾಕಿನಿಂದ ಪೂರ್ವಕ್ಕೆ ಈ ಹಕ್ಕಿ ಇಂದಿಗೂ ಇದೆಯಾದ್ದರಿಂದ, ಅದನ್ನು ಓದಿದ ಬಸ್ರಾದ ಓದುಗ ನದಿಯ ದಡಕ್ಕೆ ಹೋಗಿ ಕಥಾನಾಯಕನನ್ನು ಕಂಡೂ ಇರಬಹುದು. ನಮ್ಮಲ್ಲಿ ೧೧ನೆಯ ಶತಮಾನದಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅವನು ಅನುಸರಿಸಿದ್ದು ವಸುಭಾಗನ ಪಾಠವನ್ನು.

ಟಿಟ್ಟಿಭದ ಬಗೆಗೆ ಇನ್ನೊಂದು ನಂಬಿಕೆಯೂ ಹಳೆಯದು. ಆಕಾಶ ಕಳಚಿ ಬಿದ್ದೀತೆಂಬ ಭಯದಿಂದ ಅದು ರಾತ್ರಿ ಅಂಗಾತ ಮಲಗಿ, ಬಿದ್ದರೆ ತಡೆಯಲೆಂದು ಎರಡು ಕಾಲುಗಳನ್ನೂ ಮೇಲಕ್ಕೆತ್ತಿರುತ್ತದಂತೆ. ಪಂಚತಂತ್ರದಲ್ಲಿಯೂ ಇದರ ಪ್ರಸ್ತಾಪವಿದೆ. ಉತ್ತರದಲ್ಲಿ ಇದು ಗಾದೆಯಾಗಿಯೂ ನಿಂತಿದೆ. ವಾಸ್ತವದಲ್ಲಿ ಟಿಟ್ಟಿಭ ರಾತ್ರಿಯಲ್ಲಿಯೂ, ಅದರಲ್ಲೂ ಬೆಳದಿಂಗಳಲ್ಲಿ, ಮೇವು ಹುಡುಕುತ್ತ ಎಚ್ಚರವಾಗಿರುತ್ತದೆ. ನಡುರಾತ್ರಿಯಲ್ಲಿ ಅದರ ಕೂಗು ಕೇಳಿದವನೊಬ್ಬ, ಇದು ಮಲಗುವುದೇ ಇಲ್ಲವಲ್ಲ, ಇದಕ್ಕೆ ಎಂಥ ಚಿಂತೆಯಿರಬೇಕು ಎಂದು ಯೋಚಿಸಿದ್ದರಿಂದ ಈ ನಂಬಿಕೆ ಹುಟ್ಟಿರಬಹುದೆಂದು ನನ್ನ ಊಹೆ.

ಗೋವೆಯಿಂದ ಪ್ಯಾರಿಸಿಗೆ

ಕಿವಿಯಿಂದ ಕಣ್ಣಿಗೆ ಕಥೆ ತಿರುಗಿದ್ದು ೧೮ನೆಯ ಶತಮಾನದಲ್ಲಿ. ಫ್ರಾನ್ಸಿನ ಬುಫೋನ್ ಪಕ್ಷಿಗಳ ದೊಡ್ಡ ಇತಿಹಾಸವನ್ನು ಬರೆಯುತ್ತಿದ್ದ ಕಾಲದಲ್ಲಿ ಗೋವೆಯಿಂದ ಈ ಹಕ್ಕಿಯ ಮಾದರಿಯೊಂದು ಅವನ ಕೈಸೇರಿತು. ೧೭೮೧ರಲ್ಲಿ ಅವನು ಅದನ್ನು ವರ್ಣಿಸಿದ. ಆ ಕಾಲದ ಹೆಸರಾಂತ ಚಿತ್ರಮಾಲೆಗಾಗಿ ಮಾರ್ಟಿನೆ ಎಂಬ ಕಲಾವಿದ ಅದರ ಚಿತ್ರವನ್ನು ತಾಮ್ರದ ಹಲಗೆಯಲ್ಲಿ ಕೊರೆದ. ಅಚ್ಚಾದ ಹಾಳೆಗಳಿಗೆ ಕೈಯಿಂದ ಬಣ್ಣ ತುಂಬಿದರು. ಆ ಮಾಲೆಯಲ್ಲಿ ಒಟ್ಟು ೧೦೦೮ ಚಿತ್ರಗಳು. ನಮ್ಮವರು ಅಷ್ಟೋತ್ತರ ಸಹಸ್ರವೆಂದು ಸಂತೋಷಪಡಬಹುದಾದ ಸಂಖ್ಯೆ. ಆದರೆ ಒಂದು ಕೊರತೆ: ಲಿನೇಯಸ್ ರೂಢಿಗೆ ತಂದಿದ್ದ ಎರಡು ಪದಗಳ ಶಾಸ್ತ್ರೀಯ ನಾಮ ಆ ಚಿತ್ರಗಳಿಗೆ ಇರಲಿಲ್ಲ. ಬುಫೋನನಿಗೆ ಆ ಪದ್ಧತಿ ಹಿಡಿಸಿರಲಿಲ್ಲ.

ಕೊರತೆಯನ್ನು ತುಂಬಿದವನು ಹಾಲೆಂಡಿನ ಪೀಟರ್ ಬೋಡಾರ್ಟ್. ೧೭೮೩ರಲ್ಲಿ ಅವನು ಆ ಚಿತ್ರಗಳಿಗೊಂದು ಪಟ್ಟಿಯನ್ನು ತಯಾರಿಸಿ, ಹೆಸರಿಲ್ಲದವುಗಳಿಗೆ ಹೆಸರಿಟ್ಟ. ಅಚ್ಚಾದದ್ದು ಐವತ್ತೇ ಪ್ರತಿಗಳು. ಆ ಐವತ್ತು ಪ್ರತಿಗಳ ಪುಟ್ಟ ಪುಸ್ತಕದಲ್ಲಿ ಗೋವೆಯ ಹಕ್ಕಿಗೆ ‘ಇಂಡಿಕ’ ಎಂಬ ಹೆಸರು ಬಿತ್ತು. ಅದರ ದಾಯಾದಿಯಾದ ಹಳದಿ ಟಿಟ್ಟಿಭಕ್ಕೆ ಮಲಬಾರಿನ ಹೆಸರು ಬಿತ್ತು. ಇಂದಿಗೂ ಜಗತ್ತಿನ ವಿಜ್ಞಾನಿಗಳು ಇವೆರಡನ್ನು ‘ವ್ಯಾನೆಲಸ್ ಇಂಡಿಕಸ್’, ‘ವ್ಯಾನೆಲಸ್ ಮಲಬಾರಿಕಸ್’ ಎಂದೇ ಕರೆಯುತ್ತಾರೆ. ವ್ಯಾನೆಲಸ್ ಎಂಬುದರ ಮೂಲ, ಲ್ಯಾಟಿನಿನಲ್ಲಿ ಧಾನ್ಯ ಕೇರುವ ಮೊರದ ಹೆಸರು. ಯೂರೋಪಿನ ಟಿಟ್ಟಿಭ ಹಾರುವಾಗ ರೆಕ್ಕೆಯ ಸದ್ದು ಮೊರ ಬೀಸಿದಂತೆ ಕೇಳುವುದರಿಂದ ಆ ಹೆಸರು. ಬೋಡಾರ್ಟನ ಸ್ವಂತ ಡಚ್ ಭಾಷೆಯಲ್ಲಿ ಆ ಹಕ್ಕಿಗೆ ಕೀವಿಟ್ ಎನ್ನುತ್ತಾರೆ. ಅದೂ ಕೂಗಿನಿಂದಲೇ ಬಂದ ಹೆಸರು. ಹಳ್ಳಿಗ ಎಲ್ಲಿಯವನಾದರೂ ಹಳ್ಳಿಗನೇ.

ಆರು ವರ್ಷದ ಬಳಿಕ, ೧೭೮೯ರಲ್ಲಿ, ಜರ್ಮನಿಯ ಗ್ಮೆಲಿನ್ ಇದೇ ಹಕ್ಕಿಗೆ ‘ಪಾರ್ರ ಗೊಯೆನ್ಸಿಸ್’, ಎಂದರೆ ಗೋವೆಯ ಪಾರ್ರ, ಎಂದು ಇನ್ನೊಂದು ಹೆಸರನ್ನು ಕೊಟ್ಟ. ಪಾರ್ರ ಎಂಬುದು ಆ ಕಾಲದಲ್ಲಿ ಒಂದು ದೊಡ್ಡ ಗೋಣಿಚೀಲ. ಮುಖದಲ್ಲಿ ಮಾಂಸದ ಜೋಲಿರುವ ಟಿಟ್ಟಿಭಗಳೂ ಅದರೊಳಗೆ. ತಾವರೆಯ ಎಲೆಯ ಮೇಲೆ ನಡೆಯುವ ನಮ್ಮ ದೇವನಕ್ಕಿಯ ಅಮೆರಿಕದ ಬಂಧುವಾದ ಜಕಾನವೂ ಅದರೊಳಗೆ. ಈ ಚೀಲದ ಗೊಂದಲ ಹಕ್ಕಿಶಾಸ್ತ್ರದಲ್ಲಿ ಬೇಗ ತಿಳಿಯಾಯಿತು. ಸಂಸ್ಕೃತ ಕೋಶದಲ್ಲಿ ಮಾತ್ರ ಉಳಿದುಬಿಟ್ಟಿತು. ಮೋನಿಯರ್ ವಿಲಿಯಮ್ಸರ ಹೆಸರಾಂತ ಸಂಸ್ಕೃತ–ಇಂಗ್ಲಿಷ್ ಕೋಶವನ್ನು ತೆರೆದು ನೋಡಿ: ಟಿಟ್ಟಿಭಕ್ಕೆ ಅಲ್ಲಿರುವ ಅರ್ಥ ‘ಪಾರ್ರ ಜಕಾನ’. ಮನು ನಿಷೇಧಿಸಿದ, ಸಮುದ್ರವನ್ನು ನಡುಗಿಸಿದ ಹಕ್ಕಿ ಒಂದು ಸಾಲಿನಲ್ಲಿ ದಕ್ಷಿಣ ಅಮೆರಿಕದ ಪ್ರಜೆಯಾಯಿತು!

ಪಂಚತಂತ್ರವನ್ನು ಇಂಗ್ಲಿಷಿಗೆ ತಂದವರು ತಮ್ಮ ತಮ್ಮ ದಾರಿ ಹಿಡಿದರು. ೧೯೨೪ರಲ್ಲಿ ಎಡ್ಜರ್ಟನ್ ಇದನ್ನು ದಡದ ಹಕ್ಕಿಯೆಂದು ಮಾತ್ರ ಕರೆದು ಸುಮ್ಮನಾದ. ೧೯೨೫ರಲ್ಲಿ ರೈಡರ್ ‘ಪ್ಲವರ್’ ಎಂದ. ಇಬ್ಬರದೂ ತಪ್ಪಲ್ಲ, ರೈಡರನದು ಗುರಿಗೆ ಇನ್ನಷ್ಟು ಹತ್ತಿರ. ಎಲ್ಲಕ್ಕಿಂತ ದೊಡ್ಡ ರೂಪಾಂತರ ಆದದ್ದು ಯೋಗಾಸನದಲ್ಲಿ. ಅಂಗೈಗಳನ್ನು ನೆಲಕ್ಕೂರಿ ಮೈಯನ್ನೆತ್ತಿ, ಎರಡು ಕಾಲುಗಳನ್ನೂ ಗಾಳಿಯಲ್ಲಿ ನೀಳವಾಗಿ ಚಾಚುವ ಟಿಟ್ಟಿಭಾಸನವೆಂಬ ಕಠಿಣ ಆಸನವೊಂದಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರಿಂದ ಯೋಗ ಕಲಿತು, ಜಗತ್ತಿಗೆಲ್ಲ ಗುರುಗಳಾದ ಬಿ. ಕೆ. ಎಸ್. ಅಯ್ಯಂಗಾರ್ಯರು ೧೯೬೬ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಟಿಟ್ಟಿಭವೆಂದರೆ ಮಿಂಚುಹುಳುವಿನಂಥ ಕೀಟವೆಂದು ಅರ್ಥ ಕೊಟ್ಟರು. ಆಸನದ ವಿಷಯದಲ್ಲಿ ಅವರ ಮಾತಿಗೆ ಎದುರಾಡುವ ಯೋಗ್ಯತೆ ನನಗಿಲ್ಲ. ಆದರೆ ಕಾಲುಗಳನ್ನು ಮೇಲಕ್ಕೆ ಚಾಚಿದ ಆ ಭಂಗಿಯನ್ನು ನೋಡಿದಾಗಲೆಲ್ಲ ಆಕಾಶಕ್ಕೆ ಕಾಲುಕೊಟ್ಟು ಮಲಗುವ ಹಕ್ಕಿಯ ನೆನಪೇ ನನಗೆ ಬರುತ್ತದೆ. ಇಂದು ದೇಶವಿದೇಶಗಳಲ್ಲಿ ಸಾವಿರಾರು ಜನ ಬೆಳಗ್ಗೆ ಎದ್ದು ಮಿಂಚುಹುಳುವಾಗುತ್ತಾರೆ. ತಾವು ಟಿಟ್ಟಿಭವಾಗುತ್ತಿದ್ದೇವೆಂದು ತಿಳಿದವರು ಎಷ್ಟು ಮಂದಿಯೋ!

ಕೋವಿಯಿಂದ ದುರ್ಬೀನಿಗೆ

೧೯ನೆಯ ಶತಮಾನದಲ್ಲಿ ಹಕ್ಕಿಯ ಗುರುತು ಹಿಡಿಯುವುದೆಂದರೆ ಹೊಡೆದು ಕೆಡವುವುದು. ಚರ್ಮ ಸುಲಿದು, ಹತ್ತಿ ತುಂಬಿ, ಚೀಟಿ ಕಟ್ಟಿ, ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಅದು ಇಂಥ ಹಕ್ಕಿಯೆಂದು ತೀರ್ಮಾನ. ಈ ಪದ್ಧತಿಯಿಂದ ಶಾಸ್ತ್ರಕ್ಕೆ ಲಾಭವಾಗಲಿಲ್ಲವೆಂದರೆ ಕೃತಘ್ನತೆಯಾದೀತು. ಆದರೆ ಟಿಟ್ಟಿಭದ ಮಟ್ಟಿಗೆ ಇದರಲ್ಲೊಂದು ವಿಪರ್ಯಾಸವಿದೆ. ಗರಿಯ ಬಣ್ಣ ಸತ್ತ ಮೇಲೂ ಬಹುಕಾಲ ಉಳಿಯುತ್ತದೆ; ಕೊಕ್ಕು, ಕಾಲು, ಬರಿಯ ಮಾಂಸ ಇವುಗಳ ಬಣ್ಣ ಉಳಿಯುವುದಿಲ್ಲ. ಕಣ್ಣಿನ ಮುಂದಿನ ಕೆಂಪು, ಅಂದರೆ ಯಾವುದರಿಂದ ಈ ಹಕ್ಕಿಗೆ ಇಂಗ್ಲಿಷಿನಲ್ಲಿ ಹೆಸರು ಬಂದಿತೋ ಅದು, ಪೆಟ್ಟಿಗೆಯಲ್ಲಿ ಒಣಗಿ ಕಂದಿಹೋಗುತ್ತದೆ. ಕೂಗಂತೂ ಕೋವಿಯ ಸದ್ದಿನಲ್ಲಿಯೇ ಮುಗಿಯಿತು. ಆದ್ದರಿಂದಲೇ ಎಚ್ಚರವುಳ್ಳ ಸಂಗ್ರಾಹಕರು ಹಕ್ಕಿ ಬಿದ್ದ ಕೂಡಲೆ ಕಾಲು ಕೊಕ್ಕುಗಳ ಬಣ್ಣವನ್ನು ಚೀಟಿಯಲ್ಲಿ ಬರೆದಿಡುತ್ತಿದ್ದರು.

ಅವರಲ್ಲಿಯೂ ಕಿವಿಯಿದ್ದವರಿದ್ದರು. ಮದರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಥಾಮಸ್ ಜರ್ಡನ್ ೧೮೬೨–೬೪ರಲ್ಲಿ ಪ್ರಕಟಿಸಿದ ‘ಭಾರತದ ಪಕ್ಷಿಗಳು’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ಟಿಟ್ಟಿಭದ ರೂಪದೊಡನೆ ಅದರ ದೇಶೀಯ ನಾಮಗಳನ್ನೂ, ಆಕಾಶ ಹೊರುವ ಕಥೆಯನ್ನೂ ಬರೆದಿಟ್ಟ. ಊರಿನವರನ್ನು ಕೇಳಬೇಕೆಂಬ ವಿವೇಕ ಅವನಿಗಿತ್ತು. ಮುಂದೆ ೧೯೩೯–೪೦ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ೧೯೪೧ರಲ್ಲಿ ಅವರ ‘ಭಾರತೀಯ ಪಕ್ಷಿಗಳ ಪುಸ್ತಕ’ ಇಂಗ್ಲಿಷಿನಲ್ಲಿ ಹೊರಬಂದಾಗ, ಕೋವಿಯಿಲ್ಲದ ಸಾಮಾನ್ಯನೂ ಹಕ್ಕ ಹಕ್ಕಿಯನ್ನು ಬದುಕಿರುವಾಗಲೇ ಗುರುತಿಸುವಂತಾಯಿತು. ಗಾತ್ರವನ್ನು ಕಾಗೆ, ಗುಬ್ಬಿ, ಕೌಜುಗಗಳಿಗೆ ಹೋಲಿಸಿ ಹೇಳುವುದು, ನಡಿಗೆ ಹಾರಾಟಗಳನ್ನು ವರ್ಣಿಸುವುದು, ಕೂಗನ್ನು ಅಕ್ಷರಕ್ಕಿಳಿಸುವುದು, ಇವೆಲ್ಲ ಅಲ್ಲಿ ಬಂದವು. ನಮ್ಮ ಕುರುಬನ ಜ್ಞಾನ ಹೀಗೆ ಸುತ್ತು ಹಾಕಿ ಪುಸ್ತಕಕ್ಕೆ ಬಂದು ಸೇರಿತು. ಕೆ. ಎನ್. ದವೆಯವರು ಸಂಸ್ಕೃತ ಸಾಹಿತ್ಯದ ಪಕ್ಷಿಗಳ ಬಗೆಗೆ ೧೯೮೫ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ಕೋಶದ ಹೆಸರನ್ನೂ ಬಯಲಿನ ಹಕ್ಕಿಯನ್ನೂ ಜೊತೆಗೂಡಿಸುವ ಪ್ರಯತ್ನಗಳಲ್ಲಿ ಮುಖ್ಯವಾದುದು.

ದುರ್ಬೀನಿನ ಕಾಲದಲ್ಲಿ ತಿಳಿದುಬಂದ ಸಂಗತಿಗಳು ಕೋವಿಯ ಕಾಲದಲ್ಲಿ ತಿಳಿಯುವಂಥವಲ್ಲ. ಕಡುಬೇಸಗೆಯಲ್ಲಿ ಟಿಟ್ಟಿಭ ನೀರಿಗಿಳಿದು ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಓಡಿಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಹಕ್ಕಿ ಮೊಟ್ಟೆಗೆ ಕಾವು ಕೊಡುವುದನ್ನು ಎಲ್ಲರೂ ಬಲ್ಲೆವು. ಇಲ್ಲಿ ತಂಪು ಕೊಡುವುದೂ ಅಷ್ಟೇ ಅಗತ್ಯ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಸುಮಾರು ೨೮–೩೦ ದಿನ ಈ ಕೆಲಸ ಮಾಡುತ್ತವೆ. ಮರಿಗಳು ಹೊರಬಂದ ಸ್ವಲ್ಪ ಹೊತ್ತಿಗೇ ನಡೆಯುತ್ತವೆ. ತಾಯಿ ಎಚ್ಚರಿಕೆಯ ಕೂಗು ಹಾಕಿದೊಡನೆ ನೆಲಕ್ಕೆ ಅಂಟಿಕೊಂಡು ಕಲ್ಲಾಗುತ್ತವೆ. ಗುಜರಾತು ರಾಜಸ್ಥಾನಗಳ ರೈತರಲ್ಲಿ ಟಿಟ್ಟಿಭ ಎತ್ತರದ ಜಾಗದಲ್ಲಿ ಮೊಟ್ಟೆಯಿಟ್ಟರೆ ಆ ವರ್ಷ ಮಳೆ ಹೆಚ್ಚೆಂಬ ನಂಬಿಕೆಯಿದೆ. ಅದು ಹೇಗೇ ಇರಲಿ, ಮೊಟ್ಟೆಯನ್ನು ಅಷ್ಟು ಗಮನವಿಟ್ಟು ನೋಡುವ ಜನ ಅದನ್ನು ತುಳಿಯದೆ ನಡೆಯುತ್ತಾರೆಂಬುದೇನೋ ನಿಜ.

ಸಾಮಾನ್ಯವೆಂಬ ಮಾತು

ಟಿಟ್ಟಿಭ ಇಂದು ಅಪಾಯದಲ್ಲಿರುವ ಹಕ್ಕಿಯಲ್ಲ. ಪಟ್ಟಣ ಬೆಳೆದು ಬಯಲು ಮುಚ್ಚಿದರೆ ಅದು ರೈಲುಹಳಿಯ ಜಲ್ಲಿಯ ಮೇಲೆ, ಕಟ್ಟಡದ ಮಟ್ಟಸವಾದ ಮಾಳಿಗೆಯ ಮೇಲೆ ಮೊಟ್ಟೆಯಿಟ್ಟದ್ದೂ ಉಂಟು. ಹಾಗಿರುವಾಗ ಅದರ ಗುರುತಿಗೆ ಇಷ್ಟು ದೂರ ಅಲೆಯಬೇಕೇ ಎಂದು ಕೇಳಬಹುದು.

ಇದಕ್ಕೆ ಉತ್ತರವಾಗಿ ಜಾವಾ ದ್ವೀಪದ ಟಿಟ್ಟಿಭವನ್ನು ನೆನೆಯುತ್ತೇನೆ. ಅದೂ ಮುಖದಲ್ಲಿ ಮಾಂಸದ ಜೋಲಿದ್ದ ಹಕ್ಕಿ. ನಮ್ಮದರ ಹತ್ತಿರದ ನಂಟ. ನದೀಮುಖಗಳ ಹುಲ್ಲುಗಾವಲಿನಲ್ಲಿ, ಜೌಗಿನಲ್ಲಿ ಬಾಳುತ್ತಿತ್ತು. ಜೌಗನ್ನು ಬತ್ತಿಸಿ ಹೊಲ ಮಾಡಿದರು, ಸಿಕ್ಕಿದ್ದನ್ನು ಹಿಡಿದರು. ೧೯೪೦ರ ಸುಮಾರಿನಿಂದ ಈಚೆಗೆ ಅದನ್ನು ಖಚಿತವಾಗಿ ಕಂಡವರಿಲ್ಲ. ಸಲೀಂ ಅಲಿಯವರು ಮೈಸೂರಿನ ಕೆರೆಬಯಲುಗಳಲ್ಲಿ ಅಲೆಯುತ್ತಿದ್ದ ಆ ದಿನಗಳಲ್ಲೇ, ಸಮುದ್ರದಾಚೆ ಅದರ ಬಂಧುವೊಂದು ಯಾರಿಗೂ ಹೇಳದೆ ಮರೆಯಾಗುತ್ತಿತ್ತು. ಅದನ್ನು ಹುಡುಕಲು ಈಗ ಹೋದವರು ಕೈಯಲ್ಲಿ ಹಿಡಿದಿರುವುದು ಹಳೆಯ ಚರ್ಮಗಳನ್ನು ನೋಡಿ ಮಾಡಿದ ವರ್ಣನೆಯನ್ನು. ಅಲ್ಲಿ ಸಮುದ್ರ ಮೊಟ್ಟೆಗಳನ್ನು ಹಿಂದಿರುಗಿಸಲಿಲ್ಲ.

ಯಾವ ಹಕ್ಕಿಯೂ ಸಾಮಾನ್ಯವಾಗಿದ್ದಾಗ ಅದರ ವಿವರ ಬರೆಯುವವರಿಲ್ಲ. ಅಪರೂಪವಾದ ಮೇಲೆ ಬರೆಯಲು ವಿವರವಿಲ್ಲ. ಅಮರಸಿಂಹನಿಗೆ ಒಂದು ಸಾಲು ಹೆಚ್ಚು ಬರೆಯುವ ಮನಸ್ಸಾಗಿದ್ದರೆ, ಕೂಗು ಹೀಗೆ, ಕಾಲು ಹಳದಿ, ಕಣ್ಣಿನ ಮುಂದೆ ಕೆಂಪು ಎಂದಷ್ಟೇ ಹೇಳಿದ್ದರೆ, ಟಿಟ್ಟಿಭ ಅಮೆರಿಕಕ್ಕೂ ಹೋಗಬೇಕಾಗಿರಲಿಲ್ಲ, ಮಿಂಚುಹುಳುವೂ ಆಗಬೇಕಾಗಿರಲಿಲ್ಲ. ಆ ಸಾಲನ್ನು ಬರೆಯುವ ಅವಕಾಶ ನಮಗಿನ್ನೂ ಇದೆ. ಮಕ್ಕಳನ್ನು ಕರೆದುಕೊಂಡು ಹತ್ತಿರದ ಕೆರೆಯ ಅಂಗಳಕ್ಕೆ ಹೋಗಿ ಒಂದು ಸಂಜೆ ನಿಂತರೆ ಸಾಕು. ಹಕ್ಕಿಯೇ ತನ್ನ ಹೆಸರನ್ನು ಹೇಳುತ್ತದೆ. ಅದು ಹೇಳಿದ್ದನ್ನು ಕೇಳಿ, ಅದೇ ಪಂಚತಂತ್ರದ ಹಕ್ಕಿಯೆಂದು ಮಗುವಿಗೆ ಹೇಳಿ, ಕಾಲಿಡುವ ಮುನ್ನ ನೆಲ ನೋಡಿ ನಡೆಯಲು ಕಲಿಸಿದರೆ ಗುರುತು ಹಿಡಿಯುವ ಕೆಲಸ ಪೂರ್ತಿಯಾದಂತೆ.